ನುಡಿಯನ್ನು ನಡೆಯಾಗಿಸಿದ ಬಸವಣ್ಣನವರು

ಹನ್ನೆರಡನೆಯ ಶತಮಾನದಲ್ಲಿ ಬಾಗೇವಾಡಿಯ ಅಗ್ರಹಾರದಲ್ಲಿ ಬೆಳೆದ ಬಸವಣ್ಣನವರು ಉಪನಯನವನ್ನು ಒಲ್ಲದೆ, ಕೃಷ್ಣೆ-ಮಲಪ್ರಭೆಯರು ಕೂಡುವ ಹುನಗುಂದ ಸೀಮೆಯ ಕೂಡಲಸಂಗಮಕ್ಕೆ ಬಂದು ವಿದ್ಯಾರ್ಜನೆಗೈದರು. ಮುಂದೆ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾದರೂ ಅವರು ಬಿಟ್ಟುಹೋದ ಭಂಡಾರ ನುಡಿಯದೇ. ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳ ಸನ್ನಿಧಿಯಲ್ಲಿ ಕಾಯಕಜೀವಿಗಳು ತಮ್ಮ ಅಂತರಂಗವನ್ನು ಬಿಚ್ಚಿ ನುಡಿದರೆಂದು ಪರಂಪರೆ ಸಾರುತ್ತದೆ. ಬಸವಣ್ಣನವರಾದರೋ ಸ್ವಮನದ ಚಾಂಚಲ್ಯವನ್ನೂ ನಡೆನುಡಿಗಳ ಅಂತರವನ್ನೂ ವಚನಗಳಲ್ಲಿ ಮರೆಮಾಚದೆ ತೋಡಿಕೊಂಡರು.

ನುಡಿಯೂ ಒಂದು ವರ್ತನೆಯೇ, ಕೇಳುವವರ ಪ್ರತಿಕ್ರಿಯೆಯಿಂದಲೇ ಅದು ರೂಪುಗೊಳ್ಳುವುದೆಂದು ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ 1957ರಲ್ಲಿ ಗ್ರಂಥಮುಖೇನ ಪ್ರತಿಪಾದಿಸಿದರು. ಈ ತತ್ತ್ವವನ್ನು ನೆಚ್ಚಿದ ಮನಶ್ಚಿಕಿತ್ಸಕರು, ನೊಂದವನು ಅಂಜದೆ ಆಡಿದ ನಿಜವನ್ನು ಹಳಿಯದೆ ಆದರಿಸಿ, ಅದನ್ನೇ ಹೊಸ ನಡತೆಯ ಮೊದಲ ಮೆಟ್ಟಿಲಾಗಿಸುತ್ತಾರೆ. ಶರಣರ ಗೋಷ್ಠಿಯ ಮರ್ಮಕ್ಕೂ ಇದಕ್ಕೂ ದೂರವಿಲ್ಲ.

ನುಡಿದಂತೆ ನಡೆಯುವುದಕ್ಕೆ ಬೆಲೆಯುಂಟು. ಹರಳಯ್ಯ-ಮಧುವರಸರ ಮಕ್ಕಳ ವಿವಾಹವು ಜಾತಿಯ ಕಟ್ಟನ್ನು ಮುರಿದಾಗ ಆ ತಂದೆಯರು ಘೋರ ಶಿಕ್ಷೆಗೊಳಗಾದರು; ಕಲ್ಯಾಣವೇ ಹೊತ್ತಿ ಉರಿಯಿತು. ಬಸವಣ್ಣನವರು ತಾವು ಕಲಿತ ಸಂಗಮದಲ್ಲಿಯೇ ಐಕ್ಯರಾದರು.

ಆದರೂ ಆ ಬೀಜ ಬತ್ತಲಿಲ್ಲ. 1975ರಲ್ಲಿ ಇಳಕಲ್ಲಿನ ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ದುಶ್ಚಟಗಳ ಭಿಕ್ಷೆ ಬೇಡಲು ಹೊರಟರು; ಜನರ ಎದುರು ಕೊಟ್ಟ ಮಾತೇ ಅನೇಕರಿಗೆ ಔಷಧವಾಯಿತು. ಮಗುವಿನ ಅಳುಕಿನ ಮಾತನ್ನು ಹಳಿಯದೆ ಆಲಿಸುವ ಗುರುವೂ ಆ ಮಹಾಮಂಟಪದ ಬಾಗಿಲನ್ನೇ ತೆರೆಯುತ್ತಾನೆ.