ಪಾಠವನ್ನು ಮಕ್ಕಳ ಕೈಗಿತ್ತ ವೈದ್ಯೆ

ನಮ್ಮ ಊರಿನಲ್ಲಿ ಮಾಂಟೆಸ್ಸರಿ ಎಂಬ ಹೆಸರಿನ ಬೋರ್ಡ್ ಹಾಕಿಕೊಂಡ ಶಾಲೆಗಳು ಒಂದೆರಡಲ್ಲ. ಆದರೆ ಅದು ಒಬ್ಬ ಹೆಣ್ಣುಮಗಳ ಹೆಸರು, ಆಕೆ ಇಟಲಿಯ ವೈದ್ಯೆ, ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮ ನೆರೆಯ ಮದ್ರಾಸಿನಲ್ಲಿ ಇದ್ದವರು ಎಂದರೆ ಹಲವರು ಅಚ್ಚರಿಪಡುತ್ತಾರೆ. ಶಿಕ್ಷಣಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನನಗೆ ಪಠ್ಯದಲ್ಲಿ ಅವರ ಬಗ್ಗೆ ಸಿಕ್ಕಿದ್ದು ಸ್ವಲ್ಪ. ಅಷ್ಟಕ್ಕೇ ಸಮಾಧಾನವಾಗದೆ ಲೈಬ್ರರಿಯಲ್ಲಿ ಹುಡುಕಿ ಓದಿದೆ. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಮಾರಿಯಾ ಮಾಂಟೆಸ್ಸರಿ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಕಿಯಾರವಾಲೆ ಎಂಬ ಸಣ್ಣ ಊರಿನಲ್ಲಿ. ತಂದೆ ಸರ್ಕಾರಿ ನೌಕರರು. ಓದಿದ ಹೆಣ್ಣುಮಕ್ಕಳು ಹೆಚ್ಚೆಂದರೆ ಶಿಕ್ಷಕಿಯಾಗುತ್ತಿದ್ದ ಕಾಲ ಅದು. ಮಾರಿಯಾ ಮಾತ್ರ ಹುಡುಗರು ಓದುವ ತಾಂತ್ರಿಕ ಶಾಲೆಗೆ ಸೇರಿದರು. ಮೊದಲು ಎಂಜಿನಿಯರ್ ಆಗುವ ಆಸೆ ಇತ್ತು, ಆಮೇಲೆ ಮನಸ್ಸು ವೈದ್ಯಕೀಯದ ಕಡೆ ತಿರುಗಿತು. ತಂದೆಗೆ ಇದು ಇಷ್ಟವಿರಲಿಲ್ಲ. ತಾಯಿ ರೆನಿಲ್ಡೆ ಮಗಳ ಬೆನ್ನಿಗೆ ನಿಂತರು. ರೋಮ್ ವಿಶ್ವವಿದ್ಯಾಲಯದಲ್ಲಿ ಗಂಡಸರ ಜೊತೆ ನಿಂತು ಶವಚ್ಛೇದನ ಕಲಿಯುವುದು ಹೆಣ್ಣಿಗೆ ಸರಿಯಲ್ಲ ಎಂದರು. ಹಾಗಾಗಿ ಎಲ್ಲರೂ ಹೋದ ಮೇಲೆ ಅವರು ಒಬ್ಬರೇ ಶವಗಳ ನಡುವೆ ನಿಂತು ಕಲಿಯಬೇಕಾಯಿತು. 1896ರಲ್ಲಿ ಪದವಿ ಪಡೆದು ಇಟಲಿಯ ಮೊದಮೊದಲ ವೈದ್ಯೆಯರಲ್ಲಿ ಒಬ್ಬರಾದರು.

ವೈದ್ಯೆಯಾಗಿ ಅವರು ಹೋದದ್ದು ರೋಮಿನ ಮಾನಸಿಕ ಆಸ್ಪತ್ರೆಗಳಿಗೆ. ಬುದ್ಧಿ ಬೆಳೆಯಲಿಲ್ಲ ಎಂದು ಬಿಟ್ಟುಹೋದ ಮಕ್ಕಳನ್ನು ಅಲ್ಲಿ ದೊಡ್ಡವರ ಜೊತೆ ಕೂಡಿಹಾಕಿದ್ದರು. ಆ ಮಕ್ಕಳಿಗೆ ಮುಟ್ಟಲು, ಹಿಡಿಯಲು ಏನೂ ಇಲ್ಲ ಎಂಬುದನ್ನು ಅವರು ಗಮನಿಸಿದರು. ಇವರಿಗೆ ಔಷಧಿಗಿಂತ ಶಿಕ್ಷಣ ಬೇಕು ಅನ್ನಿಸಿತು. ಹಿಂದೆ ಇಂಥ ಮಕ್ಕಳಿಗೆ ಕಲಿಸಿದ್ದ ಫ್ರಾನ್ಸಿನ ವೈದ್ಯರಾದ ಇಟಾರ್ಡ್ ಮತ್ತು ಸೆಗ್ವಿನ್ ಅವರ ಬರಹಗಳನ್ನು ಇಟಾಲಿಯನ್ ಭಾಷೆಗೆ ತಂದು, ಕೈಯಲ್ಲೇ ಬರೆದುಕೊಂಡು ಅಭ್ಯಾಸ ಮಾಡಿದರು. ಅವರು ಕಲಿಸಿದ ಮಕ್ಕಳಲ್ಲಿ ಕೆಲವರು ಸಾಮಾನ್ಯ ಶಾಲೆಯ ಮಕ್ಕಳು ಬರೆಯುವ ಪರೀಕ್ಷೆಯಲ್ಲೇ ಪಾಸಾದರು. ಎಲ್ಲರೂ ಹೊಗಳಿದರು. ಅವರಿಗೆ ಮಾತ್ರ ಬೇರೆಯೇ ಪ್ರಶ್ನೆ ಎದ್ದಿತು. ಈ ಮಕ್ಕಳು ಇಷ್ಟು ಕಲಿಯಬಹುದಾದರೆ, ಆರೋಗ್ಯವಂತ ಮಕ್ಕಳು ಇದೇ ಮಟ್ಟದಲ್ಲಿ ನಿಂತುಬಿಟ್ಟಿರುವುದಕ್ಕೆ ಕಾರಣ ಏನು?

ಈ ನಡುವೆ 1898ರಲ್ಲಿ ಅವರಿಗೆ ಮಾರಿಯೋ ಎಂಬ ಮಗ ಹುಟ್ಟಿದ. ಮದುವೆಯಾಗಿರಲಿಲ್ಲ. ವಿಷಯ ಹೊರಗೆ ಬಂದರೆ ಕೆಲಸ, ಹೆಸರು ಎರಡೂ ಹೋಗುತ್ತಿದ್ದವು. ಮಗುವನ್ನು ಹಳ್ಳಿಯ ಒಂದು ಕುಟುಂಬದ ಬಳಿ ಬೆಳೆಯಲು ಬಿಟ್ಟರು. ಲೋಕದ ಮಕ್ಕಳಿಗೆಲ್ಲ ಶಾಲೆ ಕಟ್ಟಿದ ತಾಯಿಯ ಬಳಿಗೆ ಅವರ ಸ್ವಂತ ಮಗ ಬಂದು ಸೇರಿದ್ದು ಹದಿಹರೆಯಕ್ಕೆ ಬಂದ ಮೇಲೆ. ಅವರ ಜೀವನ ಓದುವಾಗ ನನ್ನನ್ನು ಹೆಚ್ಚು ಕಾಡಿದ ಭಾಗ ಇದು.

1907ರ ಜನವರಿ 6ರಂದು ರೋಮಿನ ಸಾನ್ ಲೊರೆಂಜೊ ಎಂಬ ಬಡ ಬಡಾವಣೆಯಲ್ಲಿ ಮಕ್ಕಳ ಮನೆ ಶುರುವಾಯಿತು. ಅಪ್ಪ ಅಮ್ಮ ಕೂಲಿಗೆ ಹೋದಾಗ ಮಕ್ಕಳು ಹೊಸದಾಗಿ ದುರಸ್ತಿಯಾದ ಕಟ್ಟಡದ ಗೋಡೆ ಹಾಳುಮಾಡುತ್ತಾರೆ ಎಂದು ಮಾಲೀಕರೇ ಕೊಟ್ಟ ಕೋಣೆ ಅದು. ಸುಮಾರು 50 ಮಕ್ಕಳು, ತರಬೇತಿ ಇಲ್ಲದ ಒಬ್ಬ ಯುವತಿ, ಒಂದಿಷ್ಟು ಮರದ ಸಾಮಾನು. ಮಾಂಟೆಸ್ಸರಿ ಅವರ ಸಂಶೋಧನೆ ನಡೆದದ್ದು ಇಲ್ಲಿ. ವೈದ್ಯೆಯಾಗಿ ರೋಗಿಯನ್ನು ಹೇಗೆ ನೋಡುತ್ತಿದ್ದರೋ ಹಾಗೆಯೇ ಮಕ್ಕಳನ್ನು ನೋಡಿದರು: ಯಾವುದನ್ನು ಎತ್ತಿಕೊಳ್ಳುತ್ತಾರೆ, ಎಷ್ಟು ಹೊತ್ತು ಹಿಡಿದಿರುತ್ತಾರೆ, ಯಾವಾಗ ಬಿಡುತ್ತಾರೆ. ಮಕ್ಕಳು ಆಟಿಕೆ ಬಿಟ್ಟು ಕಲಿಕೆಯ ಸಾಮಾನನ್ನೇ ಹುಡುಕಿಕೊಂಡು ಬರುವುದನ್ನು ಕಂಡರು. ಸಾಮಾನನ್ನು ಬೀಗ ಹಾಕಿದ ಕಪಾಟಿನಿಂದ ತೆಗೆದು, ಅವರ ಕೈಗೆ ಎಟಕುವ ತಗ್ಗು ಕಪಾಟಿನಲ್ಲಿ ಇಡಿಸಿದರು. ಕುರ್ಚಿ ಮೇಜುಗಳೂ ಮಕ್ಕಳೇ ಎತ್ತಿ ಸರಿಸುವಷ್ಟು ಹಗುರವಾದವು.

ಆ ಸಾಮಾನುಗಳ ಗುಟ್ಟು ಏನೆಂದರೆ ತಪ್ಪನ್ನು ಟೀಚರ್ ಹೇಳಬೇಕಾಗಿಲ್ಲ. ಒಂದು ಮರದ ದಿಮ್ಮಿಯಲ್ಲಿ 10 ಗುಳಿ, ಅವಕ್ಕೆ ಬೇರೆ ಬೇರೆ ಅಳತೆಯ 10 ಗುಂಡು ತುಂಡುಗಳು. ಒಂದನ್ನು ತಪ್ಪು ಗುಳಿಗೆ ಹಾಕಿದರೆ ಕೊನೆಗೆ ಒಂದು ತುಂಡು ಎಲ್ಲಿಯೂ ಕೂರದೆ ಕೈಯಲ್ಲೇ ಉಳಿಯುತ್ತದೆ. ಮಗು ತಾನೇ ನೋಡುತ್ತದೆ, ತೆಗೆಯುತ್ತದೆ, ಮತ್ತೆ ಹಾಕುತ್ತದೆ. ಬೈಗುಳವಿಲ್ಲ, ಕೆಂಪು ಶಾಯಿಯೂ ಇಲ್ಲ. ಲೆಕ್ಕಕ್ಕೆ ಮಣಿಗಳು: ಒಂದು ಮಣಿ, 10 ಮಣಿಯ ಕಡ್ಡಿ, 100ರ ಚೌಕ, 1000ದ ಘನ. ಸಾವಿರ ಎಂದರೆ ಎಷ್ಟು ಭಾರ ಎಂಬುದು ಮಗುವಿನ ಅಂಗೈಗೇ ತಿಳಿಯುತ್ತದೆ.

ಅಕ್ಷರಗಳನ್ನು ಸ್ಯಾಂಡ್‌ಪೇಪರಿನಲ್ಲಿ ಕತ್ತರಿಸಿ ಹಲಗೆಗೆ ಅಂಟಿಸಿದ್ದರು. ಮಕ್ಕಳು ಅದರ ಮೇಲೆ ಬೆರಳಾಡಿಸುತ್ತಾ ಅದರ ಸದ್ದು ಹೇಳುತ್ತಿದ್ದರು. ಒಂದು ದಿನ ಮಹಡಿಯ ಮೇಲೆ ಒಬ್ಬ ಹುಡುಗನಿಗೆ ಸೀಮೆಸುಣ್ಣ ಕೊಟ್ಟು ಹೊಗೆಗೂಡಿನ ಚಿತ್ರ ಬರೆಯಲು ಹೇಳಿದರು. ಅವನು ಚಿತ್ರ ಬರೆದು, ಹಿಂದೆಯೇ ನೆಲದ ಮೇಲೆ ಪದಗಳನ್ನೂ ಬರೆದು, ತನಗೆ ಬರೆಯಲು ಬಂತೆಂದು ಕೂಗಿ ಕುಣಿದ. ಉಳಿದ ಮಕ್ಕಳೂ ಸೀಮೆಸುಣ್ಣಕ್ಕೆ ಮುಗಿಬಿದ್ದರು. ಕಾಪಿ ಪುಸ್ತಕ ತುಂಬಿಸದೆಯೇ ಕೈ ಬರವಣಿಗೆಗೆ ಸಿದ್ಧವಾಗಿತ್ತು.

ಇದನ್ನು ಓದುವಾಗ ನನಗೆ ನನ್ನ ತಮ್ಮನ ನೆನಪಾಯಿತು. ಅವನು ಹೋಗುವ ಶಾಲೆಯ ಬೋರ್ಡಿನಲ್ಲೂ ಇದೇ ಹೆಸರಿದೆ. ನಾಲ್ಕು ವರ್ಷದ ಅವನು ಬೆಂಚಿನಲ್ಲಿ ಕೈಕಟ್ಟಿ ಕೂತು ಬಂದು, ಸಂಜೆ ಒಂದೇ ಅಕ್ಷರವನ್ನು ಎರಡು ಪುಟ ಬರೆಯುತ್ತಾನೆ. ಬರೆಯುತ್ತಲೇ ನಿದ್ದೆಹೋಗುತ್ತಾನೆ. ಹೆಸರು ಉಳಿದಿದೆ, ಆಕೆ ಮಾಡಿದ ಕೆಲಸ ಬಾಗಿಲ ಹೊರಗೇ ನಿಂತಿದೆ.

1909ರಲ್ಲಿ ಅವರು ಬರೆದ ಪುಸ್ತಕ ಹಲವು ಭಾಷೆಗಳಿಗೆ ಹೋಯಿತು. ಟೀಕೆಯೂ ಬಂತು. ಈ ಸಾಮಾನುಗಳು ಮಗುವಿನ ಕಲ್ಪನೆಗೆ ಹೆಚ್ಚು ಜಾಗ ಕೊಡುವುದಿಲ್ಲ ಎಂದು ಅಮೆರಿಕದ ವಿದ್ವಾಂಸ ಕಿಲ್‌ಪ್ಯಾಟ್ರಿಕ್ 1914ರಲ್ಲಿ ವಾದಿಸಿದರು. ಇಟಲಿಯಲ್ಲಿ ಮುಸೊಲಿನಿಯ ಸರ್ಕಾರ ಮೊದಲು ಈ ಶಾಲೆಗಳಿಗೆ ನೆರವು ಕೊಟ್ಟಿತು, ಅವರೂ ಅದನ್ನು ಸ್ವೀಕರಿಸಿದರು. ಆ ಸ್ನೇಹ ಬಾಳಲಿಲ್ಲ. 1934ರ ಹೊತ್ತಿಗೆ ಅಲ್ಲಿ ಅವರ ಶಾಲೆಗಳು ಮುಚ್ಚಿದವು, ಅವರು ದೇಶ ಬಿಟ್ಟರು. 1936ರಲ್ಲಿ ಸ್ಪೇನಿನ ಅಂತರ್ಯುದ್ಧ ಅಲ್ಲಿಂದಲೂ ಅವರನ್ನು ಓಡಿಸಿತು.

1939ರಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಮಗನೊಂದಿಗೆ ಮದ್ರಾಸಿನ ಅಡ್ಯಾರಿಗೆ ಬಂದಾಗ ಅವರಿಗೆ 69 ವರ್ಷ. ಮೊದಲ ತರಬೇತಿಗೇ ಸುಮಾರು 300 ಜನ ಸೇರಿದರು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿಯಿತು. ಬ್ರಿಟಿಷರಿಗೆ ಇವರು ಶತ್ರುದೇಶದವರಾದರು. ಮಾರಿಯೋ ಅವರನ್ನು ಬಂಧನದಲ್ಲಿಟ್ಟರು. ತಾಯಿಯ 70ನೇ ಹುಟ್ಟುಹಬ್ಬದ ದಿನ ಸರ್ಕಾರ ಮಗನನ್ನು ಬಿಡುಗಡೆ ಮಾಡಿತು. 1946ರವರೆಗೆ ಅವರು ಭಾರತದಲ್ಲೇ ಉಳಿದರು. ಅಡ್ಯಾರಿನಲ್ಲಿ, ಕೊಡೈಕನಾಲಿನಲ್ಲಿ ತಾಯಿ ಮಗ ಕೂಡಿ ಪಾಠ ಮಾಡಿದರು. ಭಾರತದಲ್ಲಿ ಸಾವಿರಕ್ಕೂ ಹೆಚ್ಚು ಶಿಕ್ಷಕರು ಅವರಿಂದ ತರಬೇತಿ ಪಡೆದರು. 1952ರ ಮೇ 6ರಂದು ನೆದರ್ಲೆಂಡ್ಸ್‌ನಲ್ಲಿ, 81ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಗೆಳೆಯರೇ, ಈಗ ಸ್ಮಾರ್ಟ್ ಬೋರ್ಡ್ ಇದೆ, ಮೊಬೈಲ್ ಆ್ಯಪ್ ಇದೆ. ಇವನ್ನೆಲ್ಲ ಸಂವಾದಾತ್ಮಕ ಕಲಿಕೆ ಎಂದು ಕರೆಯುತ್ತೇವೆ. ಆದರೆ ಪರದೆಯ ಮೇಲೆ ಚಿತ್ರ ಓಡುವಾಗ ನಾವು ಸುಮ್ಮನೆ ನೋಡುತ್ತಾ ಕೂತರೆ ಅದು ಬಣ್ಣದ ಕರಿಹಲಗೆ, ಅಷ್ಟೆ. ಕಲಿಯುವವರು ಮುಟ್ಟಬೇಕು, ತಪ್ಪಬೇಕು, ತಪ್ಪನ್ನು ತಾವೇ ಕಂಡು ಸರಿಪಡಿಸಬೇಕು. ನಮ್ಮಲ್ಲಿ ಎಷ್ಟೋ ಮಂದಿ ಮುಂದೆ ಡಿ.ಎಡ್., ಬಿ.ಎಡ್. ಮಾಡಿ ಶಿಕ್ಷಕರಾಗುವವರು. ಯಾವ ಹೊಸ ಸಾಧನ ತರಗತಿಗೆ ಬಂದರೂ ಒಂದೇ ಮಾತು ಕೇಳೋಣ: ಇದು ಯಾರ ಕೈಯಲ್ಲಿದೆ, ಟೀಚರದ್ದೋ ಮಗುವಿನದ್ದೋ? ನಮ್ಮ ಉಪನ್ಯಾಸಕರಲ್ಲೂ ನನ್ನದೊಂದು ವಿನಂತಿ. ವಾರದಲ್ಲಿ ಒಂದು ಪೀರಿಯಡ್ ಆದರೂ ಬೋರ್ಡಿನ ಪೆನ್ನನ್ನು ನಮ್ಮ ಕೈಗೆ ಕೊಡಿ.