ಸಹಿಗೆ ಒಂದು ದಿನ ತಡ: ಹಂಗಾಮಿ ರಾಷ್ಟ್ರಪತಿ ಬಿ.ಡಿ. ಜತ್ತಿ ಎದುರಿಸಿದ ಇಕ್ಕಟ್ಟು

1977ರ ಏಪ್ರಿಲ್ ಕೊನೆಯ ವಾರ. ರಾಷ್ಟ್ರಪತಿ ಭವನಕ್ಕೆ ಒಂದು ಕಡತ ಬಂದಿತ್ತು. ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕು ಎಂಬುದು ಮೊರಾರ್ಜಿ ದೇಸಾಯಿ ಸಂಪುಟದ ಸಲಹೆ. ಸಹಿ ಹಾಕಬೇಕಿದ್ದವರು ಕನ್ನಡಿಗ ಬಸಪ್ಪ ದಾನಪ್ಪ ಜತ್ತಿ. ಅವರು ತಕ್ಷಣ ಸಹಿ ಹಾಕಲಿಲ್ಲ.

ಜತ್ತಿ ಹುಟ್ಟಿದ್ದು 1912ರ ಸೆಪ್ಟೆಂಬರ್ 10ರಂದು, ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ. ಕೊಲ್ಹಾಪುರದಲ್ಲಿ ಕಾನೂನು ಓದಿ ಜಮಖಂಡಿಯಲ್ಲಿ ವಕೀಲಿಕೆ ಶುರು ಮಾಡಿದರು. 1940ರಲ್ಲಿ ಪುರಸಭೆ ಸದಸ್ಯ, 1945ರಲ್ಲಿ ಅಧ್ಯಕ್ಷ. ಬಳಿಕ ಜಮಖಂಡಿ ಸಂಸ್ಥಾನದ ಮುಖ್ಯಮಂತ್ರಿಯೂ ಆದರು. 1948ರಲ್ಲಿ ಸಂಸ್ಥಾನ ಮುಂಬೈ ಪ್ರಾಂತ್ಯದಲ್ಲಿ ವಿಲೀನವಾದಾಗ ಮತ್ತೆ ಕರಿಕೋಟು ತೊಟ್ಟರು. 1952ರ ಚುನಾವಣೆ ನಂತರ ಮುಂಬೈ ಸರ್ಕಾರದಲ್ಲಿ ಉಪಸಚಿವರಾದರು. ಆಗ ನಾಸಿಕ್, ಧಾರವಾಡ ಎರಡೂ ಒಂದೇ ಮುಂಬೈ ರಾಜ್ಯದ ಜಿಲ್ಲೆಗಳು. 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ, ಆಮೇಲೆ ಪುದುಚೇರಿಯ ಲೆಫ್ಟಿನೆಂಟ್ ಗವರ್ನರ್. 1972ರಲ್ಲಿ ಒಡಿಶಾ ರಾಜ್ಯಪಾಲ.

ಒಡಿಶಾದ ಅಧ್ಯಾಯವನ್ನು ಮರೆತು ಜತ್ತಿ ಅವರನ್ನು ಅಳೆಯುವುದು ಕಷ್ಟ. 1973ರಲ್ಲಿ ನಂದಿನಿ ಸತ್ಪತಿ ಅವರ ಕಾಂಗ್ರೆಸ್ ಸರ್ಕಾರ ಬಹುಮತ ಕಳೆದುಕೊಂಡಿತು. ಬಿಜು ಪಟ್ನಾಯಕ್ ನೇತೃತ್ವದ ವಿರೋಧ ಪಕ್ಷಗಳು ತಮಗೆ ಬಹುಮತವಿದೆ ಎಂದವು. ರಾಜ್ಯಪಾಲ ಜತ್ತಿ ಅವರಿಗೆ ಅವಕಾಶ ಕೊಡಲಿಲ್ಲ. ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು.

1974ರಲ್ಲಿ ಅವರು ಉಪರಾಷ್ಟ್ರಪತಿಯಾದರು. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ನಿಧನರಾದಾಗ ಹಂಗಾಮಿ ರಾಷ್ಟ್ರಪತಿಯ ಹೊಣೆ ಹೆಗಲೇರಿತು. ಲೋಕಸಭೆ ಚುನಾವಣೆ ಹೊಸ್ತಿಲಲ್ಲಿತ್ತು. ಇಂದಿರಾ ಗಾಂಧಿ ಸೋತರು. ಆಂತರಿಕ ತುರ್ತು ಪರಿಸ್ಥಿತಿಯನ್ನು ಮಾರ್ಚ್ 21ರಂದು ಹಿಂಪಡೆದದ್ದು, ಮಾರ್ಚ್ 24ರಂದು ಮೊದಲ ಕಾಂಗ್ರೆಸ್ಸೇತರ ಪ್ರಧಾನಿಗೆ ಪ್ರಮಾಣವಚನ ಬೋಧಿಸಿದ್ದು ಜತ್ತಿ ಅವರೇ.

ಬಿಕ್ಕಟ್ಟು ಬಂದದ್ದು ಆ ಬಳಿಕ. ಏಪ್ರಿಲ್ 18ರಂದು ಗೃಹ ಸಚಿವ ಚರಣ್ ಸಿಂಗ್ ಒಂಬತ್ತು ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ವಿಧಾನಸಭೆ ವಿಸರ್ಜಿಸಿ ಹೊಸದಾಗಿ ಜನಾದೇಶ ಪಡೆಯಿರಿ ಎಂದರು. ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನ, ಪಶ್ಚಿಮ ಬಂಗಾಳ ಎಲ್ಲವೂ ಪಟ್ಟಿಯಲ್ಲಿದ್ದವು. ಕಾಂಗ್ರೆಸ್ ಭರ್ಜರಿಯಾಗಿ ಗೆದ್ದಿದ್ದ ಕರ್ನಾಟಕ ಇರಲಿಲ್ಲ. ಕೆಲವು ರಾಜ್ಯಗಳು ಸುಪ್ರೀಂ ಕೋರ್ಟ್‌ಗೆ ಹೋದವು. ಏಪ್ರಿಲ್ 29ರಂದು ಏಳು ನ್ಯಾಯಮೂರ್ತಿಗಳ ಪೀಠ ಅರ್ಜಿಗಳನ್ನು ವಜಾ ಮಾಡಿತು. ಸಂಪುಟದ ಸಲಹೆ ಜತ್ತಿ ಅವರ ಮುಂದೆ ಬಂತು.

ಸಂವಿಧಾನದಲ್ಲಿ ಅವರಿಗೆ ದಾರಿಯೇ ಇರಲಿಲ್ಲ. 1976ರ 42ನೇ ತಿದ್ದುಪಡಿ ಸಂಪುಟದ ಸಲಹೆಯಂತೆ ರಾಷ್ಟ್ರಪತಿ ನಡೆಯಲೇಬೇಕು ಎಂದಿತ್ತು. ಆದರೆ ಎಷ್ಟು ಹೊತ್ತಿನಲ್ಲಿ ಎಂದು ಬರೆದಿರಲಿಲ್ಲ. ಅಲ್ಲಿಂದ ಮುಂದಿನದು ಅಲಿಖಿತ ಸಂಪ್ರದಾಯದ ಪ್ರದೇಶ: ಪ್ರಶ್ನೆ ಕೇಳಬಹುದು, ಎಚ್ಚರಿಸಬಹುದು, ತಡೆಯುವಂತಿಲ್ಲ. ಮೇಲಾಗಿ ಅವರು ಹಂಗಾಮಿ. ರಾಷ್ಟ್ರಪತಿ ಚುನಾವಣೆಯಲ್ಲಿ ಶಾಸಕರೂ ಮತದಾರರು. ಹಾಗಾಗಿ ಈ ವಿಸರ್ಜನೆ ಮುಂದಿನ ರಾಷ್ಟ್ರಪತಿ ಯಾರು ಎಂಬುದಕ್ಕೂ ತಳಕು ಹಾಕಿಕೊಂಡಿತ್ತು. ಸಂಪುಟ ಪಟ್ಟು ಸಡಿಲಿಸಲಿಲ್ಲ. ಏಪ್ರಿಲ್ 30ರಂದು ಜತ್ತಿ ಸಹಿ ಹಾಕಿದರು.

ಆ ಒಂದು ದಿನದ ತಡಕ್ಕೆ ಅವರು ಸಾಕಷ್ಟು ಟೀಕೆ ಕೇಳಿದರು. ಹಳೆ ಪಕ್ಷದ ಋಣ ತೀರಿಸುತ್ತಿದ್ದಾರೆ ಎಂಬ ಅನುಮಾನ ಸುಳಿಯಿತು. 1973ರಲ್ಲಿ ಕಾಣದ ಹಿಂಜರಿಕೆ 1977ರಲ್ಲಿ ಕಂಡದ್ದರಿಂದ ಆ ಅನುಮಾನಕ್ಕೆ ಆಧಾರವೇ ಇರಲಿಲ್ಲ ಎನ್ನಲಾಗದು. ಹಾಗೆಂದು ಇನ್ನೊಂದು ರಾತ್ರಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. 1975ರ ಜೂನ್ 25ರಂದು ಸಂಪುಟ ಸಭೆ ಸೇರುವ ಮೊದಲೇ ತುರ್ತು ಪರಿಸ್ಥಿತಿ ಘೋಷಣೆಗೆ ಫಕ್ರುದ್ದೀನ್ ಅಲಿ ಅಹಮದ್ ಸಹಿ ಹಾಕಿದ್ದರು. ಅಂದು ಒಂದು ದಿನ ತಡವಾಗಿದ್ದರೆ ಯಾರೂ ಬೇಸರಿಸುತ್ತಿರಲಿಲ್ಲ.

1978ರ 44ನೇ ತಿದ್ದುಪಡಿ, ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳುಹಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿತು. ಕೆ.ಆರ್. ನಾರಾಯಣನ್ 1997ರಲ್ಲಿ ಉತ್ತರ ಪ್ರದೇಶದ, 1998ರಲ್ಲಿ ಬಿಹಾರದ ಕಡತವನ್ನು ಹೀಗೆಯೇ ವಾಪಸ್ ಕಳುಹಿಸಿದರು. ಜತ್ತಿ ಕಾಲಕ್ಕೆ ಆ ಬಾಗಿಲು ತೆರೆದಿರಲಿಲ್ಲ.

1977ರ ಜುಲೈ 25ರಂದು ನೀಲಂ ಸಂಜೀವ ರೆಡ್ಡಿ ಅವರಿಗೆ ಹುದ್ದೆ ಬಿಟ್ಟುಕೊಟ್ಟ ಜತ್ತಿ, 1979ರವರೆಗೆ ಉಪರಾಷ್ಟ್ರಪತಿಯಾಗಿ ಮುಂದುವರಿದರು. ಆಮೇಲೆ ಬೆಂಗಳೂರಿನಲ್ಲಿ ತಾವೇ ಕಟ್ಟಿದ್ದ ಬಸವ ಸಮಿತಿಯ ಕೆಲಸದಲ್ಲಿ, ವಚನಗಳನ್ನು ಬೇರೆ ಭಾಷೆಗಳಿಗೆ ತಲುಪಿಸುವುದರಲ್ಲಿ ತೊಡಗಿಕೊಂಡರು. 2002ರ ಜೂನ್ 7ರಂದು ನಿಧನರಾದರು.