ಕೃಷ್ಣದೇವರಾಯ ಮತ್ತು ನಮ್ಮ ರಾಯಚೂರು

ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನದ ‘ಆದಿತ್ಯ 369’ ತೆಲುಗು ಸಿನಿಮಾ 1991ರಲ್ಲಿ ಬಂದದ್ದು. ನಮ್ಮ ಮನೆಮಾತು ಉರ್ದು. ಆದರೂ ಸಿರವಾರದ ಸುತ್ತ ಕ್ಯಾಂಪುಗಳಿರುವುದರಿಂದ ತೆಲುಗು ನಮಗೆ ಹೊಸದಲ್ಲ. ಟಿವಿಯಲ್ಲಿ ಬಂದಾಗ ಅಬ್ಬಾ, ಅಮ್ಮಿ ಎಲ್ಲರೂ ಕೂತು ನೋಡಿದೆವು. ಅದರಲ್ಲಿ ಕಾಲಯಂತ್ರ 1526ರ ವಿಜಯನಗರಕ್ಕೆ ಹೋಗುತ್ತದೆ. ರಾಜ ಕೃಷ್ಣದೇವರಾಯನಾಗಿ ಬಾಲಕೃಷ್ಣ ನಟಿಸಿದ್ದಾರೆ. ಆ ಯಂತ್ರ ಇನ್ನೂ ಆರು ವರ್ಷ ಹಿಂದಕ್ಕೆ ಹೋಗಿದ್ದರೆ ರಾಯನನ್ನು ನಮ್ಮ ರಾಯಚೂರಿನಲ್ಲೇ ನೋಡಬಹುದಿತ್ತು.

ಕೃಷ್ಣದೇವರಾಯನು ತುಳುವ ನರಸನಾಯಕನ ಮಗ. ತಾಯಿ ನಾಗಲಾಂಬಿಕೆ. ಅವನಿಗಿಂತ ಮೊದಲು ಅಣ್ಣ ವೀರನರಸಿಂಹ ಆಳುತ್ತಿದ್ದ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿರುವ ಪ್ರಕಾರ, ತನ್ನ ಚಿಕ್ಕ ಮಗನೇ ರಾಜನಾಗಲೆಂದು ಅಣ್ಣನು ತಮ್ಮನ ಕಣ್ಣು ಕೀಳಿಸಲು ಹೇಳಿದ. ಮಂತ್ರಿ ತಿಮ್ಮರಸು ಮೇಕೆಯ ಕಣ್ಣು ತಂದು ತೋರಿಸಿ ಅವನನ್ನು ಉಳಿಸಿದ. 1509ರಲ್ಲಿ ಪಟ್ಟಕ್ಕೆ ಬಂದ ರಾಯನು ತಿಮ್ಮರಸುವನ್ನು ತಂದೆಯಂತೆ ಕಂಡು ಅಪ್ಪಾಜಿ ಎಂದು ಕರೆಯುತ್ತಿದ್ದನಂತೆ.

ಉದಯಗಿರಿ, ಕೊಂಡವೀಡು ಕೋಟೆಗಳನ್ನು ಗೆದ್ದ ಮೇಲೆ ರಾಯಚೂರಿನ ಸರದಿ ಬಂತು. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ದೋಆಬ್ ಪ್ರದೇಶಕ್ಕಾಗಿ ಮೊದಲಿನಿಂದಲೂ ಜಗಳವಿತ್ತು. ಆದರೆ ಯುದ್ಧಕ್ಕೆ ನೆಪವಾದದ್ದು ಒಂದು ವ್ಯಾಪಾರ. ಕಾಮರ್ಸ್ ಓದುವ ನನಗೆ ಇದು ಬಹಳ ಕುತೂಹಲವೆನಿಸಿತು. ಗೋವಾದಲ್ಲಿ ಕುದುರೆ ಕೊಳ್ಳಲು ರಾಯನು ಸೈಯದ್ ಮರೈಕಾರ್ ಎಂಬವನಿಗೆ 40,000 ವರಾಹ ಕೊಟ್ಟು ಕಳಿಸಿದ. ಅವನು ಹಣದೊಂದಿಗೆ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ಬಳಿಗೆ ಓಡಿಹೋದ. ರಾಯನು ಕೇಳಿದರೂ ಸುಲ್ತಾನ ಅವನನ್ನು ಒಪ್ಪಿಸಲಿಲ್ಲ.

1520ರ ಮೇ 19ರಂದು ಯುದ್ಧವಾಯಿತು. ಬಿಜಾಪುರದ ಫಿರಂಗಿಗಳಿಗೆ ಮೊದಲು ವಿಜಯನಗರದ ಸೈನ್ಯ ಚದುರಿತು. ರಾಯನು ತಾನು ಸತ್ತರೆ ರಾಣಿಯರಿಗೆ ಗುರುತಾಗಲೆಂದು ಉಂಗುರವನ್ನು ಸೇವಕನ ಕೈಗಿಟ್ಟು ಕುದುರೆ ಏರಿ ಮುನ್ನುಗ್ಗಿದ. ಸುಲ್ತಾನನ ಸೈನ್ಯ ಸೋತು ಓಡಿತು. ಅನೇಕರು ಕೃಷ್ಣಾ ನದಿಯಲ್ಲಿ ಮುಳುಗಿದರು. ಆಮೇಲೆ ಕೋಟೆಯೂ ಶರಣಾಯಿತು. ಊರಿನ ಜನರ ಆಸ್ತಿಯನ್ನು ಯಾರೂ ಮುಟ್ಟಬಾರದೆಂದು ರಾಯನು ಅಪ್ಪಣೆ ಮಾಡಿದ.

ಈ ಯುದ್ಧದ ಮಾತು ಬಂದಾಗ ಕೆಲವರು ನಮ್ಮ ಕಡೆ ತಿರುಗಿ ನೋಡುತ್ತಾರೆ, ಸೋತವರು ನಾವೇ ಎನ್ನುವ ಹಾಗೆ. ಆದರೆ ರಾಯನು ಹಾಗೆ ಲೆಕ್ಕ ಹಾಕಲಿಲ್ಲ. ಹಣ ತಿಂದವನು ಒಬ್ಬ ಸೈಯದ್. ಅದಕ್ಕಾಗಿ ತನ್ನ ಮುಸ್ಲಿಂ ಸೈನಿಕರನ್ನು ಅವನು ದೂರ ಮಾಡಲಿಲ್ಲ. ಆ ಕಾಲದಲ್ಲೇ ಬಂದಿದ್ದ ಪ್ರವಾಸಿ ಡೊಮಿಂಗೊ ಪೇಸ್ ಮಹಾನವಮಿಯ ಸಮಯದಲ್ಲಿ ರಾಜನ ಸೈನ್ಯದಲ್ಲಿ ಮುಸ್ಲಿಮರನ್ನೂ ಕಂಡಿದ್ದಾನೆ. ಬೀದರಿನಲ್ಲಿ ಬಹಮನಿ ಸುಲ್ತಾನನನ್ನು ಮತ್ತೆ ಗದ್ದುಗೆಗೆ ಕೂರಿಸಿ ಯವನರಾಜ್ಯ ಸ್ಥಾಪನಾಚಾರ್ಯ ಎಂಬ ಬಿರುದು ಪಡೆದವನೂ ಇದೇ ರಾಯ.

ಅವನು ತಪ್ಪಿದ್ದು ತನ್ನ ಮನೆಯಲ್ಲೇ. ಆರು ವರ್ಷದ ಮಗ ತಿರುಮಲನಿಗೆ ಪಟ್ಟ ಕಟ್ಟಿದ. ಸ್ವಲ್ಪ ದಿನಗಳಲ್ಲೇ ಮಗು ತೀರಿಕೊಂಡಿತು. ತಿಮ್ಮರಸುವಿನ ಮಗ ವಿಷ ಹಾಕಿಸಿದನೆಂಬ ಸಂಶಯದಿಂದ ರಾಯನು ಆ ಕುಟುಂಬವನ್ನೆಲ್ಲ ಸೆರೆಗೆ ಹಾಕಿಸಿದ. ಕೊನೆಗೆ ತಿಮ್ಮರಸುವಿನ ಕಣ್ಣುಗಳನ್ನೇ ಕೀಳಿಸಿದ ಎಂದು ನ್ಯೂನಿಜ್ ಬರೆದಿದ್ದಾನೆ. ತನ್ನ ಕಣ್ಣು ಉಳಿಸಿದ ಮನುಷ್ಯನಿಗೆ ಸಿಕ್ಕ ಪ್ರತಿಫಲ ಇದು! ತೆಲುಗಿನಲ್ಲಿ ‘ಆಮುಕ್ತಮಾಲ್ಯದ’ ಬರೆದ, ಕನ್ನಡ ಕವಿ ತಿಮ್ಮಣ್ಣನಿಗೆ ಆಶ್ರಯ ಕೊಟ್ಟ ರಾಜ 1529ರಲ್ಲಿ ನಿಧನನಾದ. ರಾಯಚೂರು ಬೇಗನೆ ಮತ್ತೆ ಬಿಜಾಪುರದ ಪಾಲಾಯಿತು.

ರಾಯಚೂರಿನ ಬಸ್ ನಿಲ್ದಾಣದ ಹತ್ತಿರವೇ ಆ ಕೋಟೆ ಇದೆ. ಮುಂದಿನ ಸಲ ಹೋದಾಗ ಒಳಗೆ ಹೋಗಿ ನೋಡಿ. ಅಲ್ಲಿ ಗೆದ್ದ ರಾಜನ ಶೌರ್ಯದ ಜೊತೆಗೆ ಇನ್ನೊಂದು ಪಾಠವೂ ಇದೆ. ಒಬ್ಬನ ತಪ್ಪನ್ನು ಅವನ ಖಾತೆಗೇ ಬರೆಯಬೇಕು. ರಾಯಚೂರಿನಲ್ಲಿ ರಾಯನು ಅದನ್ನು ಪಾಲಿಸಿದ. ಅರಮನೆಯಲ್ಲಿ ಮರೆತ.